ಗೊರಬೆಯೋ ಕಂಬಳಿಯೋ? — ತಣ್ಣೀರಿನ ಮುಳುಗುಗಾರರ ಉಡುಪು

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ಜರುಗಿದ ಪೋಷಕರ ಸಭೆಯಲ್ಲಿ ವಿಜ್ಞಾನ ಅಧ್ಯಾಪಕರ ಪರವಾಗಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ವಿಜ್ಞಾನದ ಅಧ್ಯಾಪಕರು ಗ್ರಹನಕ್ಷತ್ರಗಳನ್ನು ಕುರಿತೋ, ಆರೋಗ್ಯಸೂತ್ರಗಳನ್ನು ಕುರಿತೋ ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ಈ ದಿನ ನಾವು ಆರಿಸಿಕೊಂಡಿರುವ ವಿಷಯವು ತಮಗೆ ವಿಚಿತ್ರವಾಗಿ ತೋರಬಹುದು. ಮಂಜಿನಂತೆ ತಣ್ಣಗಿರುವ ಕಡಲಿನ ಆಳಕ್ಕೆ ಇಳಿಯುವವರು ಎಂಥ ಉಡುಪನ್ನು ತೊಡಬೇಕು ಎಂಬುದೇ ಆ ವಿಷಯ. ಕಾಸರಗೋಡಿನ ಕಡಲು ವರ್ಷವಿಡೀ ಬೆಚ್ಚಗಿರತಕ್ಕದ್ದು. ಇಲ್ಲಿಯ ಮಕ್ಕಳು ಕೆರೆಗೆ ಹಾರುವಾಗ ಅಂಗಿಯನ್ನು ಕಳಚುವರೇ ಹೊರತು ತೊಡುವವರಲ್ಲ. ಹೀಗಿರಲು ನಮಗೇಕೆ ಈ ಚಿಂತೆ ಎಂದು ತಾವು ಕೇಳಬಹುದು. ಕಾರಣವನ್ನು ಮೊದಲು ಅರಿಕೆಮಾಡಿಕೊಳ್ಳುತ್ತೇವೆ.

ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿಯೇ ಪಾಠ ಕಲಿತ ಹುಡುಗಿಯೊಬ್ಬಳು ಮುಂದೆ ಜೀವಶಾಸ್ತ್ರವನ್ನು ಅಭ್ಯಾಸಮಾಡಿ, ಸಮುದ್ರದ ಪಾಚಿಗಳ ಅಧ್ಯಯನಕ್ಕಾಗಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೋಗಿದ್ದಾಳೆ. ಅಲ್ಲಿಯ ಕಡಲು ಬೇಸಗೆಯ ಕೊನೆಗೆ ೧೩-೧೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುವುದಾದರೂ ಮಾರ್ಚ್ ತಿಂಗಳ ಸುಮಾರಿಗೆ ೭ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಆಕೆ ದಿನಕ್ಕೆರಡು ಬಾರಿ ೨೦-೨೫ ಮೀಟರುಗಳ ಆಳಕ್ಕೆ ಮುಳುಗಿ ಕೆಲಸಮಾಡಬೇಕಾಗಿತ್ತು. ಉಡುಪನ್ನು ತಾನೇ ಕೊಳ್ಳಬೇಕೆಂದೂ, ಅದರಲ್ಲಿ ಎರಡು ಬಗೆಗಳುಂಟೆಂದೂ ಆಕೆ ತಂದೆಗೆ ಬರೆದಳು. ಅವರು ಆ ಪತ್ರವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. "ಮಾಷ್ಟ್ರೇ, ಹಣ ಹೇಗಾದರೂ ಹೊಂದಿಸುತ್ತೇನೆ. ಯಾವುದನ್ನು ತೊಟ್ಟರೆ ಮಗಳು ಸುಖವಾಗಿ ಮೇಲೆ ಬರುತ್ತಾಳೆ, ಅಷ್ಟು ಹೇಳಿ" ಎಂದರು.

ನಮ್ಮಲ್ಲಿ ಯಾರೂ ತಣ್ಣೀರಿನಲ್ಲಿ ಮುಳುಗಿದವರಲ್ಲ. ಆದರೆ ಆ ಪ್ರಶ್ನೆಯೊಳಗಿದ್ದುದು ನಾವು ದಿನವೂ ಕಲಿಸುವ ಪಾಠಗಳೇ: ಉಷ್ಣದ ಪ್ರವಾಹ, ಅನಿಲದ ಒತ್ತಡ, ಆರ್ಕಿಮಿಡೀಸನ ತತ್ತ್ವ. ಆದುದರಿಂದ ಪುಸ್ತಕಗಳನ್ನು ತೆರೆದು, ಮಕ್ಕಳನ್ನೂ ಜೊತೆಗೆ ಕುಳ್ಳಿರಿಸಿಕೊಂಡು ಆಲೋಚಿಸತೊಡಗಿದೆವು.

ಮೊದಲು ತಣ್ಣೀರಿನ ಕ್ರೌರ್ಯವನ್ನು ತಿಳಿಯಬೇಕು. ನೀರು ಗಾಳಿಗಿಂತ ಸುಮಾರು ೨೫ ಪಾಲು ಹೆಚ್ಚು ಉಷ್ಣವಾಹಕವಾದುದು. ಹೊರಗೆ ೧೦ ಡಿಗ್ರಿಯ ಗಾಳಿಯಲ್ಲಿ ಉಣ್ಣೆಯ ಅಂಗಿ ತೊಟ್ಟು ತಿರುಗಾಡಬಲ್ಲ ಮನುಷ್ಯನು ಅಷ್ಟೇ ತಣ್ಣಗಿನ ನೀರಿನಲ್ಲಿ ಬಹಳ ಹೊತ್ತು ಬಾಳಲಾರನು. ಇಳಿದ ಮೊದಲ ನಿಮಿಷದಲ್ಲಿಯೇ ಏದುಸಿರು ತಡೆಯಲಾಗದೆ ಬರುತ್ತದೆ. ಅನಂತರ ಬೆರಳುಗಳು ಮರಗಟ್ಟುತ್ತವೆ. ಗುಂಡಿಯನ್ನು ಒತ್ತಲೂ ಹಗ್ಗವನ್ನು ಹಿಡಿಯಲೂ ಆಗುವುದಿಲ್ಲ. ಕೊನೆಗೆ ೩೭ ಡಿಗ್ರಿ ಇರಬೇಕಾದ ದೇಹದ ಒಳಗಿನ ಶಾಖವು ೩೫ಕ್ಕಿಂತ ಕೆಳಗಿಳಿದಾಗ ಬುದ್ಧಿಯೂ ಮಂಕಾಗತೊಡಗುತ್ತದೆ. ೧೯೧೨ನೆಯ ಇಸವಿ ಎಪ್ರಿಲ್ ೧೫ರಂದು ಟೈಟಾನಿಕ್ ಹಡಗು ಮುಳುಗಿದಾಗ ಅಲ್ಲಿಯ ಕಡಲ ನೀರು ಸೊನ್ನೆಗಿಂತಲೂ ೨ ಡಿಗ್ರಿ ಕೆಳಗಿತ್ತು. ಅಂದು ತೀರಿಕೊಂಡ ೧೫೦೦ಕ್ಕೂ ಮಿಕ್ಕಿದ ಜನರಲ್ಲಿ ತೇಲುಕವಚವನ್ನು ತೊಟ್ಟು ನೀರಿನ ಮೇಲೆಯೇ ಇದ್ದವರು ಅನೇಕರು. ಅವರನ್ನು ಕೊಂದುದು ಚಳಿ.

ಇದನ್ನು ಎದುರಿಸಲು ಮನುಷ್ಯನು ಕಂಡುಕೊಂಡ ಮುಖ್ಯ ಉಪಾಯವಿದು: ಮೈಗೂ ನೀರಿಗೂ ನಡುವೆ ಅಲುಗಾಡದ ಗಾಳಿಯ ಪದರವೊಂದನ್ನು ಇರಿಸುವುದು. ಉಣ್ಣೆ ಬೆಚ್ಚಗಿರುವುದೂ, ಹತ್ತಿಯ ರಜಾಯಿ ಬೆಚ್ಚಗಿರುವುದೂ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಲೇ. ಆ ಗಾಳಿಯನ್ನು ನೀರಿನ ಕೆಳಗೆ ಹೇಗೆ ಕಾಪಾಡಬೇಕು ಎಂಬಲ್ಲಿ ಎರಡು ದಾರಿಗಳಾದವು.

ನಮ್ಮ ಹಿರಿಯರು ಮಳೆಗಾಲವನ್ನು ಕಳೆದ ಬಗೆಯನ್ನು ನೆನಪಿಗೆ ತಂದುಕೊಳ್ಳಿರಿ. ಆಟಿಯ ಮಳೆಯಲ್ಲಿ ನೇಜಿ ನೆಡುವ ಹೆಂಗಸರು ಬೆನ್ನಿನ ಮೇಲೆ ಗೊರಬೆಯನ್ನು ಹೊದ್ದುಕೊಳ್ಳುತ್ತಿದ್ದರು. ಗೊರಬೆಗೆ ತನ್ನದೇ ಆದ ಬಿಸಿಯಿಲ್ಲ. ನೀರನ್ನು ತಡೆಯುವುದಷ್ಟೇ ಅದರ ಧರ್ಮ. ಒಳಗಿನ ಬಟ್ಟೆ ಒಣಗಿದ್ದರೆ ಆ ಬಟ್ಟೆಯೇ ಮೈಯನ್ನು ಬೆಚ್ಚಗಿಡುತ್ತದೆ. ಕಂಬಳಿಯ ಕೊಪ್ಪೆ ಹಾಗಲ್ಲ. ಅದು ತಾನೇ ಬೆಚ್ಚಗಿನ ವಸ್ತು. ನೆನೆದರೂ ಅಷ್ಟಿಷ್ಟು ಬಿಸಿಯನ್ನು ಉಳಿಸಿಕೊಳ್ಳುತ್ತದೆ. ಆದರೆ ಭಾರ, ಒಣಗಲು ದಿನಗಳೇ ಬೇಕು. ಮೆಂಬ್ರೇನ್ ಎಂಬ ಉಡುಪು ಗೊರಬೆಯ ಜಾತಿಯದು, ನಿಯೋಪ್ರೀನ್ ಎಂಬುದು ಕಂಬಳಿಯ ಜಾತಿಯದು. ಇಷ್ಟನ್ನು ಹಿಡಿದುಕೊಂಡರೆ ಮುಂದಿನದು ಸುಲಭವಾಗುತ್ತದೆ.

ಮೊದಲು ಗೊರಬೆಯ ಜಾತಿಯನ್ನು ನೋಡೋಣ. ೧೮೨೩ರಲ್ಲಿ ಸ್ಕಾಟ್ಲೆಂಡಿನವನೇ ಆದ ಚಾರ್ಲ್ಸ್ ಮ್ಯಾಕಿಂಟಾಶನು ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಹಚ್ಚಿ ನೀರಿಳಿಯದ ಬಟ್ಟೆಯನ್ನು ಮಾಡಿದನು. ಅಂಥ ಬಟ್ಟೆಯಿಂದಲೇ ೧೮೩೦ರ ದಶಕದಲ್ಲಿ ಇಂಗ್ಲೆಂಡಿನ ಆಗಸ್ಟಸ್ ಸೀಬೆಯು ತಾಮ್ರದ ಶಿರಸ್ತ್ರಾಣಕ್ಕೆ ಜೋಡಿಸಿದ ಮುಚ್ಚಿದ ಮುಳುಗುಡುಪನ್ನು ಸಿದ್ಧಪಡಿಸಿದನು. ಇಂದಿನ ಮೆಂಬ್ರೇನ್ ಉಡುಪು ಆ ಬಟ್ಟೆಯ ಮರಿಮಗಳೆನ್ನಬಹುದು: ಹೊರಗೆ ನೈಲಾನ್ ಅಥವಾ ಪಾಲಿಯೆಸ್ಟರ್, ನಡುವೆ ಬ್ಯೂಟೈಲ್ ಎಂಬ ರಬ್ಬರಿನ ತೆಳುಪೊರೆ, ಒಳಗೆ ಮತ್ತೆ ಬಟ್ಟೆ. ಕತ್ತಿಗೂ ಮಣಿಕಟ್ಟಿಗೂ ರಬ್ಬರಿನ ಬಿಗಿ ಪಟ್ಟಿಗಳು. ಕಾಲುಗಳಿಗೆ ಅಂಟಿಸಿದ ಬೂಟು ಇಲ್ಲವೆ ಕಾಲುಚೀಲ. ಮುಚ್ಚಲು ನೀರೂ ಗಾಳಿಯೂ ನುಸುಳದ ಜಿಪ್. ಇದರೊಳಗೆ ದಪ್ಪನೆಯ ಒಳ ಉಡುಪನ್ನು ತೊಡಬೇಕು. ಬೆಚ್ಚಗಿಡುವುದೆಲ್ಲ ಆ ಒಳ ಉಡುಪಿನ ಕೆಲಸ.

ಇನ್ನು ಕಂಬಳಿಯ ಜಾತಿ. ೧೯೩೦ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯ ಪ್ರಯೋಗಾಲಯದಲ್ಲಿ, ವಾಲೇಸ್ ಕರೋದರ್ಸ್ ಎಂಬ ರಸಾಯನಶಾಸ್ತ್ರಜ್ಞರ ತಂಡದಲ್ಲಿ, ನಿಯೋಪ್ರೀನ್ ಎಂಬ ಕೃತಕ ರಬ್ಬರು ಜನ್ಮತಾಳಿತು. ಹುದುಗಿದ ಹಿಟ್ಟಿನಂತೆ ಅದನ್ನು ಉಬ್ಬಿಸಿದರೆ ಒಳಗೆಲ್ಲ ಅಸಂಖ್ಯ ಅನಿಲದ ಗುಳ್ಳೆಗಳಾಗುತ್ತವೆ. ಪ್ರತಿಯೊಂದು ಗುಳ್ಳೆಯೂ ಸುತ್ತಲೂ ಮುಚ್ಚಿದ್ದು. ಆದುದರಿಂದ ಸ್ಪಂಜಿನಂತೆ ಅದು ನೀರನ್ನು ಹೀರುವುದಿಲ್ಲ. ೧೯೫೧ರ ಸುಮಾರಿಗೆ ಕ್ಯಾಲಿಫೋರ್ನಿಯದ ಭೌತಶಾಸ್ತ್ರಜ್ಞ ಹ್ಯೂ ಬ್ರಾಡ್ನರ್ ಅವರು, ಇಂಥ ವಸ್ತುವನ್ನು ತೊಟ್ಟರೆ ಮೈ ಒದ್ದೆಯಾದರೂ ಚಿಂತೆಯಿಲ್ಲ, ಗುಳ್ಳೆಗಳೇ ಬಿಸಿಯನ್ನು ಕಾಯುತ್ತವೆ ಎಂಬುದನ್ನು ಕಂಡುಕೊಂಡರು. ಅದು ವೆಟ್‌ಸೂಟ್, ಅಂದರೆ ಒದ್ದೆ ಉಡುಪು. ಅದೇ ವಸ್ತುವಿಗೆ ಬಿಗಿ ಪಟ್ಟಿಗಳನ್ನೂ ನೀರು ನುಸುಳದ ಜಿಪ್ಪನ್ನೂ ಸೇರಿಸಿ ಒಳಗೆ ನೀರು ಬಾರದಂತೆ ಮಾಡಿದರೆ ನಿಯೋಪ್ರೀನ್ ಡ್ರೈಸೂಟ್, ಅಂದರೆ ಒಣ ಉಡುಪು.

ಮೊದಲ ನೋಟಕ್ಕೆ ನಮಗೆ ಕಂಬಳಿಯೇ ಮೇಲೆಂದು ತೋರಿತು. ದಪ್ಪವಾದ ವಸ್ತು, ತಾನೇ ಬೆಚ್ಚಗಿನದು, ಒಂದು ವೇಳೆ ಹರಿದು ನೀರು ನುಗ್ಗಿದರೂ ಮೈಯನ್ನು ಪೂರ್ತಿಯಾಗಿ ಕೈಬಿಡುವುದಿಲ್ಲ. ಹಾಗೆಯೇ ಆ ತಂದೆಗೆ ಹೇಳಿಯೂ ಬಿಟ್ಟೆವು. ಅವರು ಸಮಾಧಾನದಿಂದ ಮನೆಗೆ ಹೋದರು. ಆದರೆ ಮರುದಿನ ಒಂಬತ್ತನೆಯ ತರಗತಿಯಲ್ಲಿ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡುವಾಗ ನಮ್ಮ ಆತುರವು ನಮಗೇ ಗೋಚರವಾಯಿತು.

ಆ ಲೆಕ್ಕ ಹೀಗಿದೆ. ಕಡಲ ಮೇಲ್ಮೈಯಲ್ಲಿ ಒತ್ತಡವು ಒಂದು ವಾಯುಭಾರ. ೧೦ ಮೀಟರ್ ಕೆಳಗೆ ಎರಡು, ೨೦ರಲ್ಲಿ ಮೂರು, ೩೦ರಲ್ಲಿ ನಾಲ್ಕು. ೧೬೬೨ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ ಅನಿಲದ ಗಾತ್ರವು ಅದೇ ಕ್ರಮದಲ್ಲಿ ಅರ್ಧ, ಮೂರರಲ್ಲೊಂದು, ಕಾಲು ಪಾಲಾಗಬೇಕು. ನಿಯೋಪ್ರೀನಿನ ಗುಳ್ಳೆಗಳೊಳಗಿರುವುದೂ ಅನಿಲವೇ. ರಬ್ಬರಿನ ಗೋಡೆಗಳು ಸ್ವಲ್ಪ ತಡೆಯೊಡ್ಡಬಹುದು. ಆದರೂ ಆಳಕ್ಕಿಳಿದಂತೆ ಗುಳ್ಳೆಗಳು ಕುಗ್ಗುತ್ತವೆ, ಉಡುಪು ತೆಳುವಾಗುತ್ತದೆ, ಬಿಸಿಯನ್ನು ತಡೆಯುವ ಶಕ್ತಿಯೂ ಇಳಿಯುತ್ತದೆ. ಚಳಿ ಹೆಚ್ಚಿರುವಲ್ಲಿಯೇ ಕಂಬಳಿ ಸವೆಯುತ್ತದೆಂದಾಯಿತು.

ಆಗ ಹುಡುಗನೊಬ್ಬನು ಎದ್ದು ನಿಂತು, "ಮಾಷ್ಟ್ರೇ, ಇನ್ನೊಂದರ ಒಳ ಉಡುಪಿನ ಗಾಳಿಯೂ ಕುಗ್ಗುವುದಿಲ್ಲವೇ?" ಎಂದು ಕೇಳಿದನು. ಬಹಳ ಯೋಗ್ಯವಾದ ಪ್ರಶ್ನೆ. ಅದೂ ಕುಗ್ಗುತ್ತದೆ. ಆದರೆ ಒಣ ಉಡುಪಿನ ಎದೆಯ ಮೇಲೊಂದು ಕವಾಟವಿರುತ್ತದೆ. ಮುಳುಗುಗಾರನು ಅದರ ಗುಂಡಿಯನ್ನೊತ್ತಿದರೆ ಬೆನ್ನಿನ ಸಿಲಿಂಡರಿನಿಂದ ಕೊಳವೆಯ ಮೂಲಕ ಗಾಳಿ ಒಳಬಂದು, ಕುಗ್ಗಿದಷ್ಟನ್ನೂ ತುಂಬಿಕೊಡುತ್ತದೆ. ಒಳ ಉಡುಪು ಮತ್ತೆ ಅರಳುತ್ತದೆ. ನಿಯೋಪ್ರೀನಿನ ಮುಚ್ಚಿದ ಗುಳ್ಳೆಯೊಳಕ್ಕೆ ಹಾಗೆ ಗಾಳಿಯನ್ನು ತುಂಬಲು ಯಾರಿಂದಲೂ ಆಗದು. ತುಂಬಬಹುದಾದ ಗಾಳಿ, ತುಂಬಲಾಗದ ಗಾಳಿ—ಈ ಎರಡು ಉಡುಪುಗಳ ಅಂತರದ ಮೂಲವು ಇಲ್ಲಿದೆ.

ಇದರಿಂದಲೇ ಎರಡನೆಯ ಅಂತರವೂ ಹುಟ್ಟುತ್ತದೆ. ಗುಳ್ಳೆಗಳು ತುಂಬಿದ ನಿಯೋಪ್ರೀನ್ ಮೇಲ್ಮೈಯಲ್ಲಿ ಬಲವಾಗಿ ತೇಲಲು ನೋಡುತ್ತದೆ. ಅದನ್ನು ಮುಳುಗಿಸಲು ಸೊಂಟಕ್ಕೆ ಹೆಚ್ಚು ಸೀಸವನ್ನು ಕಟ್ಟಬೇಕಾಗುತ್ತದೆ. ಆಳದಲ್ಲಿ ಗುಳ್ಳೆ ಕುಗ್ಗಿ ತೇಲುವ ಬಲ ಇಳಿಯುತ್ತದೆ, ಸೀಸದ ಭಾರ ಮಾತ್ರ ಹಾಗೆಯೇ ಉಳಿಯುತ್ತದೆ. ಮೇಲೇರುವಾಗ ಗುಳ್ಳೆ ಮತ್ತೆ ಉಬ್ಬುತ್ತದೆ. ಮೆಂಬ್ರೇನಿನ ಬಟ್ಟೆಯಾದರೋ ಆಳ ಹೆಚ್ಚಿದರೂ ಕಡಿಮೆಯಾದರೂ ಒಂದೇ ರೀತಿ ವರ್ತಿಸುತ್ತದೆ. ಒಳಗಿನ ಗಾಳಿಯೊಂದನ್ನು ಹದದಲ್ಲಿಟ್ಟುಕೊಂಡರೆ ಸಾಕು.

ಹಾಗಾದರೆ ಮೆಂಬ್ರೇನಿಗೆ ದೋಷವೇ ಇಲ್ಲವೆ? ಉಂಟು. ಅದನ್ನು ಕಣ್ಣಾರೆ ನೋಡಲು ಮಕ್ಕಳೊಂದಿಗೆ ಒಂದು ಪ್ರಯೋಗವನ್ನು ಮಾಡಿದೆವು. ಒಂದೇ ಅಳತೆಯ ಮೂರು ಉಕ್ಕಿನ ಬಾಟಲಿಗಳಲ್ಲಿ ಬಿಸಿನೀರು ತುಂಬಿದೆವು. ಒಂದನ್ನು ಬರಿದಾಗಿ ಬಿಟ್ಟೆವು. ಇನ್ನೊಂದಕ್ಕೆ ರಬ್ಬರಿನ ನೊರೆಹಾಳೆಯನ್ನು ಬಿಗಿಯಾಗಿ ಸುತ್ತಿದೆವು. ಮೂರನೆಯದಕ್ಕೆ ಉಣ್ಣೆಯ ಕಾಲುಚೀಲವನ್ನು ತೊಡಿಸಿ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಾಯಿ ಕಟ್ಟಿದೆವು. ಮೂರನ್ನೂ ಮಂಜುಗಡ್ಡೆ ಹಾಕಿದ ಬಾಲ್ದಿಯಲ್ಲಿಟ್ಟೆವು. ಮೂರನೆಯದು ಮುಳುಗಲೊಪ್ಪದೆ ತೇಲತೊಡಗಿತು. ಅದಕ್ಕೆ ಕಲ್ಲು ಕಟ್ಟಬೇಕಾಯಿತು. ಮುಳುಗುಗಾರರು ಸೀಸ ಕಟ್ಟಿಕೊಳ್ಳುವುದೇಕೆಂದು ಮಕ್ಕಳಿಗೆ ಹೇಳದೆಯೇ ತಿಳಿಯಿತು. ಬರಿಯ ಬಾಟಲಿ ಬೇಗನೆ ತಣ್ಣಗಾಯಿತು. ಉಳಿದೆರಡು ಬಹಳ ಹೊತ್ತು ಬಿಸಿಯನ್ನು ಕಾದುಕೊಂಡವು. ಅನಂತರ ಬಿಸಿನೀರನ್ನು ಹೊಸತಾಗಿ ತುಂಬಿ, ಪ್ಲಾಸ್ಟಿಕ್ ಚೀಲಕ್ಕೂ ನೊರೆಹಾಳೆಗೂ ಸೂಜಿಯಿಂದ ಕೆಲವು ತೂತುಗಳನ್ನು ಮಾಡಿ ಇಳಿಸಿದೆವು. ನೊರೆಹಾಳೆಗೆ ಏನೂ ಆಗಲಿಲ್ಲ. ಕಾಲುಚೀಲದ ಬಾಟಲಿಯಾದರೋ ಈ ಸಲ ಬರಿಯ ಬಾಟಲಿಯ ಹಿಂದೆಯೇ ತಣ್ಣಗಾಯಿತು.

ಇದೇ ಮೆಂಬ್ರೇನಿನ ದೌರ್ಬಲ್ಯ. ಗೊರಬೆ ಹರಿದರೆ ಒಳಗಿನ ಬಟ್ಟೆಯೂ ಹೋಯಿತು. ನೀರು ತುಂಬಿದ ಮೆಂಬ್ರೇನ್ ಚಳಿಗೂ ತಡೆಯಾಗದು, ತೇಲಲೂ ನೆರವಾಗದು. ಅದರ ಬಟ್ಟೆ ಹಿಗ್ಗುವುದಿಲ್ಲವಾದುದರಿಂದ ಸಡಿಲವಾಗಿ ಹೊಲಿಯಬೇಕಾಗುತ್ತದೆ; ಈಜುವಾಗ ನೀರಿನ ಎಳೆತ ಹೆಚ್ಚು. ನಿಯೋಪ್ರೀನ್ ಮೈಗೊಪ್ಪಿ ಹಿಗ್ಗುತ್ತದೆ, ಈಜಲು ಸುಲಭ. ಆದರೆ ಸೋರುವ ಸ್ಥಳವನ್ನು ಅದರಲ್ಲಿ ಹುಡುಕುವುದು ಕಷ್ಟ. ದಪ್ಪದೊಳಗೆ ನೀರು ಒಂದೆಡೆ ಹೊಕ್ಕು ಇನ್ನೊಂದೆಡೆ ಕಾಣಿಸಿಕೊಳ್ಳಬಹುದು. ಒಣಗಲು ಬಹಳ ಹೊತ್ತು ಬೇಕು. ಪದೇ ಪದೇ ಆಳಕ್ಕೊಯ್ದರೆ ಗುಳ್ಳೆಗಳು ಕಾಲಕ್ರಮದಲ್ಲಿ ಸೋತು ಉಡುಪು ಶಾಶ್ವತವಾಗಿ ತೆಳುವಾಗುತ್ತದೆ. ಮೆಂಬ್ರೇನ್ ಹಗುರ, ಮಡಚಿ ಒಯ್ಯಬಹುದು, ಬೇಗ ಒಣಗುತ್ತದೆ, ತೇಪೆ ಹಾಕುವುದೂ ಸುಲಭ. ಒಳ ಉಡುಪನ್ನು ಬದಲಾಯಿಸಿ ಬೇಸಗೆಗೂ ಚಳಿಗಾಲಕ್ಕೂ ಅದೊಂದನ್ನೇ ಬಳಸಬಹುದು. ಇವೆರಡರ ನಡುವೆ, ನಿಯೋಪ್ರೀನನ್ನು ಮೊದಲೇ ಭಾರೀ ಒತ್ತಡಕ್ಕೆ ಒಳಪಡಿಸಿ ಗುಳ್ಳೆಗಳನ್ನು ಕುಗ್ಗಿಸಿ ಮಾಡುವ ಮಧ್ಯಮ ಮಾರ್ಗದ ಉಡುಪೂ ಒಂದುಂಟು. ಅದು ಗಟ್ಟಿಮುಟ್ಟು, ಆದರೆ ಭಾರ.

ಆದುದರಿಂದ ಯಾವುದು ಮೇಲು ಎಂದು ಕೇಳುವುದೇ ಸರಿಯಲ್ಲ. ಎಲ್ಲಿಗೆ, ಎಷ್ಟು ಆಳಕ್ಕೆ, ಎಷ್ಟು ಸಲ ಎಂದು ಕೇಳಬೇಕು. ಐಸ್‌ಲ್ಯಾಂಡ್ ದ್ವೀಪದಲ್ಲಿ ಸಿಲ್ಫ್ರಾ ಎಂಬ ಬಿರುಕೊಂದುಂಟು. ಲಾಂಗ್‌ಯೋಕುಲ್ ಹಿಮನದಿಯ ನೀರು ಲಾವಾಶಿಲೆಯೊಳಗೆ ಸೋಸಿ ಅಲ್ಲಿಗೆ ಬರುತ್ತದೆ. ವರ್ಷವಿಡೀ ೨ರಿಂದ ೪ ಡಿಗ್ರಿ. ನೀರು ಎಷ್ಟು ತಿಳಿಯೆಂದರೆ ನೂರು ಮೀಟರುಗಳ ದೂರವೂ ಕಾಣಿಸುತ್ತದೆ. ಅಲ್ಲಿ ಮೇಲ್ಮೈಯಲ್ಲಿಯೇ ತೇಲುತ್ತ ನೋಡುವವರಿಗೆ ಸಾಮಾನ್ಯವಾಗಿ ನಿಯೋಪ್ರೀನಿನ ಒಣ ಉಡುಪನ್ನು ತೊಡಿಸುತ್ತಾರೆ. ಅದು ಯುಕ್ತವಾದುದೇ, ಮೇಲೆಯೇ ಇರುವವನ ಗುಳ್ಳೆಗಳು ಕುಗ್ಗುವ ಪ್ರಸಂಗವಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಿದೆ. ೧೯೧೯ರ ಜೂನ್ ೨೧ರಂದು ಜರ್ಮನ್ ನೌಕಾಪಡೆಯವರು ಸೆರೆಯಲ್ಲಿದ್ದ ತಮ್ಮ ಹಡಗುಗಳನ್ನು ತಾವೇ ಅಲ್ಲಿ ಮುಳುಗಿಸಿದರು. ಇಂದಿಗೂ ತಳದಲ್ಲಿ ಉಳಿದಿರುವ ಅವರ ಮಹಾನೌಕೆಗಳನ್ನು ನೋಡಲು ೩೦ ಮೀಟರುಗಳಿಗೂ ಕೆಳಗಿಳಿಯಬೇಕು. ಅಲ್ಲಿ ದಿನಕ್ಕೆರಡು ಬಾರಿ ಇಳಿಯುವವನಿಗೆ ಗೊರಬೆಯ ಜಾತಿಯೇ ಹೆಚ್ಚು ಒಪ್ಪುವಂಥದು.

ನಮ್ಮ ಹುಡುಗಿಯ ಕೆಲಸವು ಎರಡನೆಯದಕ್ಕೆ ಹತ್ತಿರವಾದುದು. ಆದುದರಿಂದ ನಾವು ಆ ತಂದೆಯವರ ಮನೆಗೇ ಹೋಗಿ, ಹಿಂದಿನ ದಿನ ಹೇಳಿದುದು ತಪ್ಪಾಯಿತೆಂದು ಒಪ್ಪಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೂತಾದರೆ?" ಎಂದು ಕೇಳಿದರು. ಆ ಒಂದು ಮಾತಿಗೆ ಲೆಕ್ಕದಿಂದ ಉತ್ತರವಿಲ್ಲ. ತೂತಾಗದಂತೆ ನೋಡಿಕೊಳ್ಳಬೇಕು, ಆದರೆ ತಕ್ಷಣ ಮೇಲೆ ಬರಬೇಕು, ಒಂಟಿಯಾಗಿ ಎಂದೂ ಇಳಿಯಬಾರದು ಎಂದೆವು. ಅಷ್ಟನ್ನೂ ಬರೆದು, ಎರಡನ್ನೂ ತೊಟ್ಟು ಪರೀಕ್ಷಿಸಿದ ಬಳಿಕವೇ ಕೊಳ್ಳಬೇಕೆಂದು ಸೇರಿಸಿ ಆಕೆಗೆ ಕಳುಹಿಸಿದೆವು.

ಆಕೆ ಎರಡನ್ನೂ ಕೊಳದಲ್ಲಿ ತೊಟ್ಟು ನೋಡಿದಳು. ಮೆಂಬ್ರೇನನ್ನೇ ಆರಿಸಿದಳು. ಮೊದಲ ದಿನಗಳಲ್ಲಿ ಆಳವಿಲ್ಲದ ನೀರಿನಲ್ಲಿ ಶಿಕ್ಷಕರೊಡನೆ ಅಭ್ಯಾಸಮಾಡಿದಳು. ಏಕೆಂದರೆ ಒಣ ಉಡುಪಿನಲ್ಲಿ ಬೇರೊಂದು ಅಪಾಯವುಂಟು: ಮೇಲೇರುವಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದನ್ನು ಎಡತೋಳಿನ ಕವಾಟದಿಂದ ಸಕಾಲದಲ್ಲಿ ಹೊರಬಿಡದಿದ್ದರೆ ಮನುಷ್ಯನು ಬೆಂಡಿನಂತೆ ಮೇಲಕ್ಕೆ ಚಿಮ್ಮುವನು. ತಲೆಕೆಳಗಾದರೆ ಗಾಳಿಯೆಲ್ಲ ಪಾದಗಳಿಗೆ ನುಗ್ಗಿ ಕಾಲನ್ನೇ ಮೇಲಕ್ಕೆಳೆಯುವುದು. ಹಾಗೆ ವೇಗವಾಗಿ ಮೇಲೆ ಬಂದರೆ ಶ್ವಾಸಕೋಶಕ್ಕೂ ರಕ್ತಕ್ಕೂ ಹಾನಿಯುಂಟು. ಇದು ಎರಡು ಜಾತಿಯ ಉಡುಪಿಗೂ ಸಮಾನವಾದ ಪಾಠ.

ಕೆಲವು ತಿಂಗಳುಗಳ ಮೇಲೆ ಇನ್ನೊಂದು ಪತ್ರ ಬಂದಿತು. ಒಂದು ದಿನ ಉಡುಪನ್ನು ತೊಡುವ ಅವಸರದಲ್ಲಿ ಆಕೆಯ ಉಗುರು ತಗುಲಿ ಮಣಿಕಟ್ಟಿನ ಪಟ್ಟಿಯಲ್ಲಿ ಸಣ್ಣ ಸೀಳು ಬಿದ್ದಿತ್ತು. ಅದು ಗಮನಕ್ಕೆ ಬಾರದೆ ಆಕೆ ಇಳಿದಳು. ಹದಿನೈದು ಮೀಟರಿನ ಹತ್ತಿರ ಮೊಣಕೈವರೆಗೆ ತಣ್ಣೀರು ಹರಿಯಿತು. ಆಕೆ ಜೊತೆಗಾರನಿಗೆ ಕೈಸನ್ನೆ ಮಾಡಿ, ಕೆಲಸವನ್ನು ಅಲ್ಲಿಗೇ ಬಿಟ್ಟು, ಅವಸರಪಡದೆ ನಿಯಮದಂತೆ ಮೇಲೆ ಬಂದಳು. ಆ ದಿನದ ಅಳತೆಗಳು ನಷ್ಟವಾದುವು, ಅಷ್ಟೆ. ಪಟ್ಟಿಯನ್ನು ಬದಲಾಯಿಸಿದಳು. ಅಂದಿನಿಂದ ಉಗುರು ಕತ್ತರಿಸದೆ, ಉಂಗುರ ಕಳಚದೆ, ಪಟ್ಟಿಗಳನ್ನು ಹಿಗ್ಗಿಸಿ ನೋಡದೆ ನೀರಿಗಿಳಿಯುವುದಿಲ್ಲವೆಂದು ತಂದೆಗೆ ಬರೆದಿದ್ದಾಳೆ. ಆ ತಂದೆಯವರು ಈ ಸಭೆಯಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅನುಮತಿಯಿಂದಲೇ ಇದನ್ನು ಹೇಳಿದೆವು.

ಪ್ರಿಯ ವಿದ್ಯಾರ್ಥಿಗಳೇ, ನೀವೆಲ್ಲರೂ ಕಡಲಿಗೆ ಇಳಿಯಬೇಕೆಂದು ನಾವು ಹೇಳುತ್ತಿಲ್ಲ. ದಪ್ಪವಾದುದೆಲ್ಲ ಬೆಚ್ಚಗಿನದೆಂದು ನಾವು ನಂಬಿದಂತೆ ನಂಬಬೇಡಿರಿ. ಆಳದಲ್ಲಿ ಅದು ಏನಾಗುವುದೆಂದು ಲೆಕ್ಕ ಹಾಕಿರಿ. ತಪ್ಪೆಂದು ಕಂಡಾಗ ಮರುದಿನವೇ ಹೋಗಿ ಹೇಳಿರಿ. ಒಂಬತ್ತನೆಯ ತರಗತಿಯ ಹುಡುಗನ ಪ್ರಶ್ನೆಯಿಂದ ಅಧ್ಯಾಪಕರೂ ಕಲಿತರೆಂಬುದನ್ನು ಮರೆಯಬೇಡಿರಿ.

ಪೋಷಕರಲ್ಲಿ ಒಂದು ಬಿನ್ನಹ. ಕನ್ನಡದಲ್ಲಿ ಓದಿದ ಮಕ್ಕಳು ಹೊರಗಿನ ವಿಜ್ಞಾನದ ಮುಂದೆ ತಬ್ಬಿಬ್ಬಾಗುವರೆಂಬ ಅಂಜಿಕೆಯಿಂದ ಪ್ರತಿ ಜೂನ್ ತಿಂಗಳಿನಲ್ಲಿ ತಮ್ಮಲ್ಲಿ ಕೆಲವರು ಮಕ್ಕಳನ್ನು ಬೇರೆಡೆಗೆ ಸೇರಿಸುತ್ತೀರಿ. ಗಡಿನಾಡಿನ ಈ ಶಾಲೆಗೆ ಅದು ದೊಡ್ಡ ನಷ್ಟ. ಆ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಇಂದಿನ ವಿಷಯವನ್ನು ತಾವು ಕೇಳಿದಿರಿ; ಗೊರಬೆ, ಕಂಬಳಿ, ಹುದುಗಿದ ಹಿಟ್ಟು—ಇವುಗಳನ್ನು ಬಲ್ಲವರಿಗೆ ಅದರಲ್ಲಿ ಅರ್ಥವಾಗದ ಅಂಶ ಯಾವುದಿತ್ತು? ಬಾಯ್ಲನ ನಿಯಮವನ್ನು ಆ ಹುಡುಗಿ ಇಲ್ಲಿಯೇ, ಇದೇ ನುಡಿಯಲ್ಲಿ ಕಲಿತಳು. ಸ್ಕಾಟ್ಲೆಂಡಿನ ಕಡಲಿನ ಕೆಳಗೆ ಗುಂಡಿಯನ್ನೊತ್ತುವಾಗ ಆಕೆಯ ನೆರವಿಗೆ ಬರುವುದು ಅದೇ ನಿಯಮ.

 ಪ್ರಯೋಗದ ಬಾಟಲಿಗಳೂ ಬಾಲ್ದಿಯೂ ವಿಜ್ಞಾನದ ಕೋಣೆಯಲ್ಲಿವೆ. ಬಯಸಿದವರು ಬಂದು ಸ್ವತಃ ಮಾಡಿನೋಡಬಹುದು.